ಲಸಿಕೆ ಬೇಡವೆಂದವರು, ಲಸಿಕೆ ತಪ್ಪಿಹೋದವರು

ಲಸಿಕೆಯ ಮಾತು ಬಂದಾಗಲೆಲ್ಲ ಎಲ್ಲರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ: ಮೊಬೈಲಿನಲ್ಲಿ ಏನನ್ನೋ ನೋಡಿ, ‘ನನ್ನ ಮಗುವಿಗೆ ಚುಚ್ಚಿಸುವುದಿಲ್ಲ’ ಎಂದು ಪಟ್ಟು ಹಿಡಿದ ಅಪ್ಪ ಅಥವಾ ಅಮ್ಮ. ಅಂಥವರು ಇದ್ದಾರೆ, ಅವರ ದನಿಯೂ ದೊಡ್ಡದು. ಆದರೆ ಲೆಕ್ಕ ಹಾಕಲು ಕೂತರೆ ಚಿತ್ರ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 43 ಲಕ್ಷ ಶಿಶುಗಳಿಗೆ ಒಂದೇ ಒಂದು ಡೋಸ್ ಕೂಡ ಸಿಗಲಿಲ್ಲ. ಅವರಲ್ಲಿ ಅರ್ಧದಷ್ಟು ಮಕ್ಕಳು ಇರುವುದು ಯುದ್ಧ, ಗಲಭೆ, ಆಡಳಿತದ ಕುಸಿತದಿಂದ ನಲುಗಿದ 26 ದೇಶಗಳಲ್ಲಿ. ಅಲ್ಲಿನ ಬಹುಪಾಲು ತಾಯಂದಿರನ್ನು ‘ಲಸಿಕೆ ಬೇಕೇ, ಬೇಡವೇ’ ಎಂದು ಯಾರೂ ಕೇಳಿಯೇ ಇಲ್ಲ.

ಹಾಗಾಗಿ ಲಸಿಕೆ ಪ್ರಮಾಣ (ನೂರಕ್ಕೆ ಎಷ್ಟು ಮಕ್ಕಳಿಗೆ ಲಸಿಕೆ ಆಗಿದೆ ಎಂಬ ಲೆಕ್ಕ) ಏರಿಸಬೇಕೆನ್ನುವವರು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಒಂದೇ. ನಮ್ಮಲ್ಲಿ ಲಸಿಕೆ ಆಗದ ಮಕ್ಕಳಲ್ಲಿ ಬೇಡವೆಂದವರು ಎಷ್ಟು, ತಪ್ಪಿಹೋದವರು ಎಷ್ಟು? ಇವೆರಡೂ ಬೇರೆ ಬೇರೆ ಕಾಯಿಲೆಗಳು. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಬಸ್ಸಿಲ್ಲದ ಊರಿನಲ್ಲಿ ಜಾಗೃತಿ ಪೋಸ್ಟರ್ ಅಂಟಿಸಿದರೂ, ಹೆದರಿ ಕೂತ ಊರಿಗೆ ಇನ್ನೊಂದು ವ್ಯಾನ್ ಕಳುಹಿಸಿದರೂ ಹಣವಷ್ಟೇ ಖರ್ಚು.

ಶೇ. 95 ಎಂಬ ಅಂಕಿ ಬಂದದ್ದು ಎಲ್ಲಿಂದ?

ದಡಾರ ತಡೆಯಲು ನೂರಕ್ಕೆ 95 ಮಕ್ಕಳಿಗೆ ಲಸಿಕೆ ಆಗಬೇಕೆಂಬ ಗುರಿಯ ಲೆಕ್ಕವನ್ನು ಮೊದಲು ನೋಡೋಣ, ಏಕೆಂದರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲಿಂದ. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಕಡೆ ದಡಾರ ಬಂದ ಒಬ್ಬರಿಂದ 12ರಿಂದ 18 ಮಂದಿಗೆ ಸೋಂಕು ಹರಡುತ್ತದೆ. ಅದನ್ನು 15 ಎಂದಿಟ್ಟುಕೊಳ್ಳಿ. ಸರಪಳಿ ಕಡಿಯಬೇಕಾದರೆ ಆ 15 ಮಂದಿಯಲ್ಲಿ 14 ಮಂದಿಗೆ ರೋಗ ತಗಲದ ಸ್ಥಿತಿ ಇರಬೇಕು, ಅಂದರೆ ಶೇ. 93ರಷ್ಟು ಜನರಲ್ಲಿ ರಕ್ಷಣೆ ಇರಬೇಕು. ಲಸಿಕೆಯ ಎರಡು ಡೋಸ್ ಶೇ. 97ರಷ್ಟು ಜನರಿಗೆ ರಕ್ಷಣೆ ಕೊಡುತ್ತದೆ. 93ನ್ನು 97ರಿಂದ ಭಾಗಿಸಿದರೆ ಶೇ. 96ರ ಆಸುಪಾಸು ಬರುತ್ತದೆ. ‘ಶೇ. 95’ ಎಂಬ ಗುರಿ ನಿಂತಿರುವುದು ಈ ಲೆಕ್ಕದ ಮೇಲೆ. ಮಗುವಿಗೆ ವರ್ಷ ತುಂಬಿದ ಮೇಲೆ ಒಂದೇ ಡೋಸ್ ಕೊಟ್ಟರೆ ರಕ್ಷಣೆ ಶೇ. 93ರ ಹತ್ತಿರ ನಿಲ್ಲುತ್ತದೆ, ಆಗ ನೂರಕ್ಕೆ ನೂರು ಮಕ್ಕಳಿಗೆ ಕೊಟ್ಟರೂ ಸರಪಳಿ ಕಡಿಯುವುದು ಅನುಮಾನ. ಎರಡನೇ ಡೋಸ್ ಎನ್ನುವುದು ಹೆಚ್ಚುವರಿ ಉಪಚಾರ ಅಲ್ಲವೆನ್ನುವುದು ಅದಕ್ಕೇ. 2024ರಲ್ಲಿ ಜಗತ್ತಿನ ಸರಾಸರಿ ಮೊದಲ ಡೋಸ್‌ಗೆ ಶೇ. 84, ಎರಡನೆಯದಕ್ಕೆ ಶೇ. 76.

ಇನ್ನೊಂದು ಅಂಶ ವರದಿಗಳಲ್ಲಿ ಕಾಣುವುದೇ ಇಲ್ಲ. ಒಂಬತ್ತನೇ ತಿಂಗಳಲ್ಲಿ ಕೊಡುವ ದಡಾರದ ಡೋಸ್ ಸುಮಾರು ಶೇ. 85ರಷ್ಟು ಮಕ್ಕಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ನೂರರಲ್ಲಿ 90 ಮಕ್ಕಳಿಗೆ ಈ ಒಂದು ಡೋಸ್ ಆಗಿದೆ ಎನ್ನಿ. ನಿಜವಾದ ರಕ್ಷಣೆ ಸಿಕ್ಕಿದ್ದು 76 ಮಕ್ಕಳಿಗೆ, ಉಳಿದ 24 ಮಕ್ಕಳು ಬಯಲಲ್ಲೇ ಇದ್ದಾರೆ. ಮರುವರ್ಷ ಹುಟ್ಟಿದವರಲ್ಲಿ ಮತ್ತೆ 24. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಒಂದು ಇಡೀ ವರ್ಷದಲ್ಲಿ ಹುಟ್ಟಿದ ಮಕ್ಕಳಷ್ಟು ಒಣ ಹುಲ್ಲು ಕೂಡಿಬಿದ್ದಿರುತ್ತದೆ. ಆಮೇಲೊಂದು ದಿನ ದಡಾರ ಭುಗಿಲೆದ್ದಾಗ ‘ಪ್ರಮಾಣ ಕುಸಿದೇ ಇರಲಿಲ್ಲವಲ್ಲ’ ಎಂದು ಅಧಿಕಾರಿಗಳು ಅಚ್ಚರಿಪಡುತ್ತಾರೆ. ಕುಸಿಯಬೇಕಾಗಿಲ್ಲ, ಏರದೆ ನಿಂತರೆ ಸಾಕು.

ಇದೇ ಲೆಕ್ಕದ ಇನ್ನೊಂದು ಮಗ್ಗುಲು ವದಂತಿಗೆ ಮೇವು. ಸಾವಿರ ಮಕ್ಕಳಿರುವ ಒಂದು ಶಾಲೆ, 950 ಮಂದಿಗೆ ಎರಡೂ ಡೋಸ್ ಆಗಿದೆ. ಅವರಲ್ಲಿ ಶೇ. 3, ಅಂದರೆ 28 ಮಕ್ಕಳಿಗೆ ಲಸಿಕೆ ಹಿಡಿದಿಲ್ಲ. ಲಸಿಕೆ ಆಗದವರು 50. ದಡಾರ ಒಳಹೊಕ್ಕು ಸಿಕ್ಕವರಿಗೆಲ್ಲ ತಗಲಿತು ಎಂದರೆ ಒಟ್ಟು 78 ರೋಗಿಗಳು, ಅವರಲ್ಲಿ 28 ಮಂದಿ ಲಸಿಕೆ ಪಡೆದವರು. ‘ರೋಗ ಬಂದ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಲಸಿಕೆ ಆಗಿತ್ತು’ ಎಂದು ತಲೆಬರಹ ಕೊಡಬಹುದು, ಅದು ಸುಳ್ಳೂ ಅಲ್ಲ. ಆದರೆ 950ರಲ್ಲಿ 28 ಎಲ್ಲಿ, 50ರಲ್ಲಿ 50 ಎಲ್ಲಿ! ಲಸಿಕೆ ಪ್ರಮಾಣ ಹೆಚ್ಚಿದಷ್ಟೂ ರೋಗಿಗಳ ಪಟ್ಟಿಯಲ್ಲಿ ಲಸಿಕೆ ಪಡೆದವರ ಪಾಲು ಹೆಚ್ಚುತ್ತದೆ. ಮನೆಮನೆಗೆ ಹೋಗುವ ಕಾರ್ಯಕರ್ತೆಗೆ ಕಲಿಸಲೇಬೇಕಾದ ಒಂದೇ ಒಂದು ಲೆಕ್ಕವಿದ್ದರೆ ಇದು.

ತಪ್ಪಿಹೋಗುವ ಬಾಗಿಲುಗಳು

ಒಂದು ಪ್ರದೇಶದಲ್ಲಿ ತೊಡಕು ಎಲ್ಲಿದೆ ಎಂದು ತಿಳಿಯಲು ಎರಡು ಅಂಕಿ ಸಾಕು: ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಮದ್ದು) ಇರುವ ಲಸಿಕೆಯ ಮೊದಲ ಡೋಸ್ ಎಷ್ಟು ಮಕ್ಕಳಿಗೆ ಆಗಿದೆ, ಮೂರನೆಯದು ಎಷ್ಟು ಮಕ್ಕಳಿಗೆ. ಮೊದಲನೆಯದೇ ಶೇ. 90ಕ್ಕಿಂತ ಕೆಳಗಿದ್ದರೆ ಸೇವೆ ಜನರನ್ನು ತಲುಪಿಲ್ಲ ಎಂದರ್ಥ. ಮೊದಲನೆಯದು ಚೆನ್ನಾಗಿದ್ದು, ಮೂರನೆಯದರ ಹೊತ್ತಿಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಕ್ಕಳು ಕಳೆದುಹೋಗಿದ್ದರೆ, ಜನ ಬಂದಿದ್ದರು, ಆದರೆ ತಿರುಗಿ ಬರುವ ಮನಸ್ಸಾಗಲಿಲ್ಲ. ಮೊದಲ ತೊಡಕಿಗೆ ವ್ಯಾನು, ಸಿಬ್ಬಂದಿ, ಹೊಸ ಕೇಂದ್ರ ಬೇಕು. ಎರಡನೇ ತೊಡಕಿಗೆ ಕೇಂದ್ರದ ಒಳಗೆ ಏನು ನಡೆಯುತ್ತಿದೆ ಎಂದು ನೋಡಬೇಕು.

ನೋಡಿದರೆ ಸಿಗುವುದು ಹೆಚ್ಚಾಗಿ ಸಣ್ಣ ಸಂಗತಿಗಳೇ. ಮಗುವಿಗೆ ನೆಗಡಿ ಇದೆ, ಮೈ ಸ್ವಲ್ಪ ಬಿಸಿ ಇದೆ ಎಂದು ವಾಪಸ್ ಕಳಿಸುತ್ತಾರೆ. ನೆಗಡಿ, ಕೆಮ್ಮು, ಸಣ್ಣ ಜ್ವರ, ಸಾಮಾನ್ಯ ಭೇದಿ ಯಾವುದೂ ಲಸಿಕೆ ಮುಂದೂಡಲು ಕಾರಣವಲ್ಲ. ಕಾರ್ಡ್ ತಂದಿಲ್ಲ ಎಂದು ಕಳಿಸುತ್ತಾರೆ. ಇನ್ನೊಂದು ಹೊರಗಿನವರಿಗೆ ತಿಳಿಯುವುದೇ ಇಲ್ಲ: ದಡಾರದ ಪುಡಿ ಲಸಿಕೆ ಹತ್ತು ಡೋಸ್‌ನ ಸೀಸೆಯಲ್ಲಿ ಬರುತ್ತದೆ, ದ್ರಾವಣ ಬೆರೆಸಿದ ಆರು ಗಂಟೆಯೊಳಗೆ ಬಳಸಬೇಕು, ಉಳಿದದ್ದು ಚೆಲ್ಲಬೇಕು. ಒಂದೇ ಮಗು ಬಂದರೆ ಸೀಸೆ ತೆರೆಯಲು ದಾದಿಗೆ ಮನಸ್ಸು ಬಾರದು. ಒಂಬತ್ತು ಡೋಸ್ ‘ವ್ಯರ್ಥ’ ಎಂದು ಮೇಲಿನವರು ಲೆಕ್ಕ ಕೇಳುತ್ತಾರೆ, ವಾಪಸ್ ಹೋದ ಮಗುವಿನ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ‘ಮುಂದಿನ ವಾರ ಬನ್ನಿ’ ಎಂದರೆ ಮುಗಿಯಿತು. ಒಂದು ಮಗುವಿಗಾದರೂ ಸೀಸೆ ತೆರೆಯಿರಿ, ಪೋಲಾದ ಡೋಸ್‌ಗೆ ಯಾರನ್ನೂ ಹೊಣೆ ಮಾಡುವುದಿಲ್ಲ ಎಂದು ಲಿಖಿತ ಆದೇಶ ಕೊಟ್ಟರೆ ಪ್ರಮಾಣ ಏರುತ್ತದೆ. ಇದಕ್ಕೆ ಜಾಗೃತಿ ಜಾಥಾ ಬೇಕಾಗಿಲ್ಲ.

ಲಸಿಕೆಯನ್ನು ತಂಪಾಗಿಯೇ ಇಟ್ಟು ಸಾಗಿಸುವ ಶೀತಲ ಸರಪಳಿಯಲ್ಲೂ ತಪ್ಪು ತಿಳಿವಳಿಕೆ ಇದೆ. ಬಿಸಿ ತಾಗಿದರೆ ಲಸಿಕೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಸೀಸೆಯ ಮೇಲಿನ, ಬಿಸಿ ತಾಗಿದಂತೆ ಬಣ್ಣ ಬದಲಿಸುವ ಗುರುತಿನಲ್ಲಿ ಒಳಗಿನ ಚೌಕ ಹೊರಗಿನ ವೃತ್ತದಷ್ಟೇ ಕಪ್ಪಾದರೆ ಎಸೆಯಬೇಕು ಎಂದೂ ಗೊತ್ತು. ಆದರೆ ಡಿಪಿಟಿ, ಹೆಪಟೈಟಿಸ್-ಬಿ, ಪೆಂಟಾವಲೆಂಟ್‌ನಂಥ ಅಲ್ಯೂಮಿನಿಯಂ ಸೇರಿದ ಲಸಿಕೆಗಳು ಹೆಪ್ಪುಗಟ್ಟಿದರೂ ಸತ್ತಂತೆಯೇ, ಮತ್ತು ಆ ಗುರುತು ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್ ಪಕ್ಕದಲ್ಲೇ ಸೀಸೆ ಇಟ್ಟು ಹೊತ್ತೊಯ್ದರೆ ಇದೇ ಆಗುತ್ತದೆ. ಐಸ್ ಪ್ಯಾಕ್ ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ತನಕ ಹೊರಗಿಟ್ಟು, ಆಮೇಲೆ ಪೆಟ್ಟಿಗೆಗೆ ಹಾಕಬೇಕು. ಸಂಶಯವಿದ್ದರೆ ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಗಟ್ಟಿಯಾಗಿಸಿ ಕರಗಿಸಿ, ಎರಡನ್ನೂ ಕುಲುಕಿ ಪಕ್ಕಪಕ್ಕ ಇಡಬೇಕು. ಸಂಶಯದ ಸೀಸೆಯಲ್ಲೂ ಗಷ್ಟು ಅಷ್ಟೇ ಬೇಗ ತಳಕ್ಕಿಳಿದರೆ ಅದನ್ನು ಬಳಸುವಂತಿಲ್ಲ. ಕೆಟ್ಟ ಲಸಿಕೆ ಪಡೆದ ಮಗುವಿಗೆ ರೋಗ ಬಂದರೆ ಊರಿನವರು ‘ಸೀಸೆ ಹೆಪ್ಪುಗಟ್ಟಿತ್ತು’ ಎನ್ನುವುದಿಲ್ಲ, ‘ಲಸಿಕೆ ಸುಳ್ಳು’ ಎನ್ನುತ್ತಾರೆ.

ಇನ್ನು ಮನಸ್ಸಿದ್ದೂ ಮರೆತವರು. ನೆನಪೋಲೆ, ಫೋನ್ ಕರೆ, ಎಸ್‌ಎಂಎಸ್ ಇವುಗಳ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿದ ಕಾಕ್ರೇನ್ ಸಮೀಕ್ಷೆಯ ಪ್ರಕಾರ ನೆನಪಿಸಿದ ಮಾತ್ರಕ್ಕೆ ಪ್ರಮಾಣ ಸರಾಸರಿ ಶೇಕಡಾ 8 ಅಂಶದಷ್ಟು ಏರುತ್ತದೆ. ಪದ ಬಳಕೆಯಲ್ಲೂ ವ್ಯತ್ಯಾಸವಿದೆ. ಅಮೆರಿಕದಲ್ಲಿ ಫ್ಲೂ ಲಸಿಕೆಗಾಗಿ ಹತ್ತಾರು ಬಗೆಯ ಸಂದೇಶಗಳನ್ನು ಒಟ್ಟಿಗೇ ಪರೀಕ್ಷಿಸಿದಾಗ ಮುಂದೆ ನಿಂತದ್ದು ‘ನಿಮಗಾಗಿ ಲಸಿಕೆ ಕಾದಿರಿಸಲಾಗಿದೆ’ ಎಂಬ ಧಾಟಿಯ ಸಂದೇಶ. ತಮಾಷೆಯ, ಬುದ್ಧಿವಂತಿಕೆಯ ಸಂದೇಶಗಳು ಹಿಂದೆ ಬಿದ್ದವು.

ರಾಜಸ್ಥಾನದ ಉದಯಪುರದಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಇಂದಿಗೂ ಕಣ್ಣು ತೆರೆಸುತ್ತದೆ. ಏನೂ ಬದಲಾಯಿಸದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಆದ ಮಕ್ಕಳು ಶೇ. 6. ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆದ ಹಳ್ಳಿಗಳಲ್ಲಿ ಶೇ. 18. ಶಿಬಿರದ ಜೊತೆಗೆ ಪ್ರತಿ ಸಲ ಒಂದು ಕಿಲೋ ಬೇಳೆ, ಎಲ್ಲ ಡೋಸ್ ಮುಗಿದ ಮೇಲೆ ತಟ್ಟೆಗಳ ಒಂದು ಸೆಟ್ ಕೊಟ್ಟಲ್ಲಿ ಶೇ. 39. ಬೇಳೆಯ ಖರ್ಚು ಸೇರಿಸಿದರೂ ಒಂದು ಮಗುವಿಗೆ ಪೂರ್ಣ ಲಸಿಕೆ ಕೊಡಲು ತಗಲಿದ ವೆಚ್ಚ ಇಳಿಯಿತು, ಏಕೆಂದರೆ ಅದೇ ದಾದಿ, ಅದೇ ದಿನ, ಹೆಚ್ಚು ಮಕ್ಕಳು. ಲಸಿಕೆಯನ್ನು ನಂಬದವರು ಒಂದು ಕಿಲೋ ಬೇಳೆಗೆ ಮಗುವನ್ನು ಒಪ್ಪಿಸುವುದಿಲ್ಲ. ಇವರು ಒಂದು ದಿನದ ಕೆಲಸ ಬಿಟ್ಟು ಬರಲು ನೆವ ಸಾಲದೆ ಕೂತಿದ್ದವರು. ಹಾಗಿದ್ದೂ ಶೇ. 61ರಷ್ಟು ಮಕ್ಕಳು ಹೊರಗೇ ಉಳಿದರು ಎಂಬುದನ್ನು ಈ ಪ್ರಯೋಗವನ್ನು ಹೊಗಳುವವರು ಹೇಳುವುದು ಕಡಿಮೆ.

ಬೇಡ ಎನ್ನುವುದರ ಹಿಂದೆ

ನಿಜವಾದ ಹಿಂಜರಿಕೆಗೆ ಈಗ ಬರೋಣ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಗತ್ತಿನ ಆರೋಗ್ಯಕ್ಕಿರುವ ಹತ್ತು ಬೆದರಿಕೆಗಳ ಪಟ್ಟಿಗೆ ಸೇರಿಸಿತು. ಹಿಂಜರಿಕೆ ಹೊಸದೇನಲ್ಲ. ಇಂಗ್ಲೆಂಡ್ 1853ರಲ್ಲಿ ಸಿಡುಬಿನ ಲಸಿಕೆ ಕಡ್ಡಾಯ ಮಾಡಿತು, 1885ರಲ್ಲಿ ಲೀಸ್ಟರ್ ನಗರದಲ್ಲಿ ಅದರ ವಿರುದ್ಧ ಭಾರಿ ಮೆರವಣಿಗೆ ಹೊರಟಿತು, 1898ರಲ್ಲಿ ಆತ್ಮಸಾಕ್ಷಿಯ ಕಾರಣಕ್ಕೆ ವಿನಾಯಿತಿ ಕೊಡಬೇಕಾಯಿತು. ಆಗ ಮೊಬೈಲ್ ಇರಲಿಲ್ಲ.

ಅಪನಂಬಿಕೆಯನ್ನೆಲ್ಲ ಅಜ್ಞಾನ ಎಂದು ತಳ್ಳಿಹಾಕುವವರು ಎರಡು ಘಟನೆ ನೆನಪಿಡಬೇಕು. 2003ರಲ್ಲಿ ನೈಜೀರಿಯಾದ ಕಾನೊ ಮತ್ತು ಸುತ್ತಲಿನ ರಾಜ್ಯಗಳು ಪೋಲಿಯೊ ಲಸಿಕೆಯನ್ನು ಬಹಿಷ್ಕರಿಸಿದವು, ವೈರಸ್ ಅಲ್ಲಿಂದ ಹಲವು ದೇಶಗಳಿಗೆ ಹಬ್ಬಿತು. ಅದೇ ಕಾನೊದಲ್ಲಿ 1996ರ ಮಿದುಳುಪೊರೆ ಉರಿಯೂತದ ಹಾವಳಿಯ ನಡುವೆ ವಿದೇಶಿ ಕಂಪನಿಯೊಂದು ಮಕ್ಕಳ ಮೇಲೆ ಔಷಧ ಪ್ರಯೋಗ ನಡೆಸಿ ಮೊಕದ್ದಮೆ ಎದುರಿಸಿತ್ತು. ಜನ ಅದನ್ನು ಮರೆತಿರಲಿಲ್ಲ. ಬಹಿಷ್ಕಾರ ಮುಗಿದದ್ದು ಭಾಷಣದಿಂದಲ್ಲ, ಅಲ್ಲಿನವರು ನಂಬುವ ಇಂಡೊನೇಷ್ಯಾದಿಂದ ಲಸಿಕೆ ತರಿಸಿದ ಮೇಲೆ. ಇನ್ನೊಂದು, 2011ರಲ್ಲಿ ಬಿನ್ ಲಾಡೆನ್‌ನ ಪತ್ತೆಗಾಗಿ ಅಮೆರಿಕದ ಗುಪ್ತಚರ ಸಂಸ್ಥೆ ಪಾಕಿಸ್ತಾನದ ಅಬೊಟಾಬಾದ್‌ನಲ್ಲಿ ನಡೆಸಿದ ನಕಲಿ ಹೆಪಟೈಟಿಸ್-ಬಿ ಲಸಿಕೆ ಅಭಿಯಾನ. ‘ಲಸಿಕೆಯವರು ಗೂಢಚಾರರು’ ಎಂಬ ವದಂತಿ ಒಮ್ಮೆ ನಿಜವೇ ಆಗಿತ್ತು. ಅದರ ಬೆಲೆ ತೆತ್ತವರು ಪೋಲಿಯೊ ಹನಿ ಹಾಕಲು ಹೋಗಿ ಪ್ರಾಣ ಕಳೆದುಕೊಂಡ ಕಾರ್ಯಕರ್ತೆಯರು.

ಸುಳ್ಳೇ ಮೂಲವಾದ ಭಯವೂ ಇದೆ. ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ) ಲಸಿಕೆಗೂ ಆಟಿಸಂಗೂ ನಂಟಿನ ಸುಳಿವು ಕೊಟ್ಟ ಲೇಖನ ನಿಂತಿದ್ದು ಕೇವಲ 12 ಮಕ್ಕಳ ಮೇಲೆ. ಪತ್ರಿಕೆ ಅದನ್ನು ಪೂರ್ತಿ ಹಿಂದೆಗೆದುಕೊಂಡದ್ದು 2010ರಲ್ಲಿ. ಡೆನ್ಮಾರ್ಕಿನ 6.5 ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಪರಿಶೀಲಿಸಿ 2019ರಲ್ಲಿ ಬಂದ ಅಧ್ಯಯನಕ್ಕೆ ಯಾವ ನಂಟೂ ಕಾಣಲಿಲ್ಲ. ಆಟಿಸಂನ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳತೊಡಗುವ ವಯಸ್ಸೂ ಎಂಎಂಆರ್ ಕೊಡುವ ವಯಸ್ಸೂ ಸುಮಾರು ಒಂದೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಬದುಕಿನ ಮೊದಲ ಎರಡು ವರ್ಷಗಳಲ್ಲಿ ಲಸಿಕೆಗಳು ಒತ್ತೊತ್ತಾಗಿ ಬರುವುದರಿಂದ ಆ ವಯಸ್ಸಿನಲ್ಲಿ ಏನೇ ಕೆಟ್ಟದ್ದು ಆದರೂ ಅದು ‘ಲಸಿಕೆ ಹಾಕಿಸಿದ ಮೇಲೆ’ ಆದದ್ದೇ ಆಗಿರುತ್ತದೆ.

ಹೆದರಿಕೆ ಎದ್ದ ಮೊದಲ ದಿನಗಳು

ಇಲ್ಲಿ ಎರಡು ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಪಡೆದ ಕೆಲವು ಹುಡುಗಿಯರಲ್ಲಿ ನೋವು, ನಡುಕ ಕಂಡಿತೆಂದು ಮಾಧ್ಯಮಗಳಲ್ಲಿ ಬಂದಾಗ, ಜಪಾನ್ ಸರ್ಕಾರ 2013ರ ಜೂನ್‌ನಲ್ಲಿ ಲಸಿಕೆಯನ್ನು ‘ಮುಂದಾಗಿ ಶಿಫಾರಸು ಮಾಡುವುದನ್ನು’ ನಿಲ್ಲಿಸಿತು. ನಿಷೇಧಿಸಲಿಲ್ಲ, ಉಚಿತವಾಗಿಯೇ ಇತ್ತು, ಮನೆಗೆ ಪತ್ರ ಬರುವುದಷ್ಟೇ ನಿಂತಿತು. ಶೇ. 70ರ ಆಸುಪಾಸಿನಲ್ಲಿದ್ದ ಪ್ರಮಾಣ ಶೇ. 1ಕ್ಕಿಂತ ಕೆಳಗಿಳಿಯಿತು. ಶಿಫಾರಸು ಮರಳಿದ್ದು 2022ರ ಏಪ್ರಿಲ್‌ನಲ್ಲಿ. ತನಿಖೆಯಲ್ಲಿ ಲಸಿಕೆಯ ದೋಷ ಸಿಗದಿದ್ದರೂ, ಸುಮಾರು ಒಂಬತ್ತು ವರ್ಷ ಸರ್ಕಾರ ಹೌದೂ ಅನ್ನದೆ, ಅಲ್ಲವೂ ಅನ್ನದೆ ಕೂತಿತ್ತು.

ಐರ್ಲೆಂಡಿನಲ್ಲೂ ಅದೇ ಲಸಿಕೆ, ಅದೇ ಬಗೆಯ ಭಯ. ಪ್ರಮಾಣ ಶೇ. 87ರಿಂದ 2016–17ರಲ್ಲಿ ಶೇ. 51ಕ್ಕೆ ಬಿತ್ತು. ಅಲ್ಲಿ ವೈದ್ಯರ ಸಂಘಗಳು, ಕ್ಯಾನ್ಸರ್ ಸಂಸ್ಥೆಗಳು, ಮಹಿಳಾ ಸಂಘಟನೆಗಳು ಒಂದೇ ವೇದಿಕೆಗೆ ಬಂದವು. ಗರ್ಭಕಂಠದ ಕ್ಯಾನ್ಸರಿಗೆ ತುತ್ತಾಗಿದ್ದ ಯುವತಿ ಲಾರಾ ಬ್ರೆನನ್ ತಾನಾಗಿಯೇ ಮುಂದೆ ಬಂದು ತನ್ನ ಕಾಯಿಲೆಯನ್ನು ದೇಶದೆದುರು ತೆರೆದಿಟ್ಟಳು; 2019ರಲ್ಲಿ ತೀರಿಕೊಂಡಳು. ಪ್ರಮಾಣ ಅಷ್ಟರಲ್ಲೇ ಮೇಲಕ್ಕೇರತೊಡಗಿತ್ತು. ಜಪಾನಿಗಿಂತ ಐರ್ಲೆಂಡಿನ ಬಳಿ ಹೆಚ್ಚಿನ ವಿಜ್ಞಾನವೇನೂ ಇರಲಿಲ್ಲ. ಉತ್ತರ ಬೇಗ ಬಂತು, ಬಂದಾಗ ಅದಕ್ಕೊಂದು ಮುಖವಿತ್ತು.

ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ಸಮೋವಾದ ಕತೆ ಇನ್ನೂ ಕಠೋರ. 2018ರ ಜುಲೈನಲ್ಲಿ ಇಬ್ಬರು ಶಿಶುಗಳು ಎಂಎಂಆರ್ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಸತ್ತವು. ಪುಡಿ ಲಸಿಕೆಗೆ ಬೆರೆಸಬೇಕಾದ ನೀರಿನ ಬದಲು ದಾದಿಯರು ಅವಧಿ ಮೀರಿದ, ಸ್ನಾಯು ಸಡಿಲಿಸುವ ಅರಿವಳಿಕೆ ಔಷಧ ಬೆರೆಸಿದ್ದರು. ಲಸಿಕೆಯಲ್ಲಿ ದೋಷವಿರಲಿಲ್ಲ. ಆದರೆ ಕಾರ್ಯಕ್ರಮವನ್ನೇ ತಿಂಗಳುಗಟ್ಟಲೆ ನಿಲ್ಲಿಸಲಾಯಿತು, ಶಿಶುಗಳ ದಡಾರ ಲಸಿಕೆ ಪ್ರಮಾಣ ಶೇ. 31ಕ್ಕೆ ಇಳಿಯಿತು. 2019ರ ಕೊನೆಯಲ್ಲಿ ದಡಾರ ಬಂತು. ಸುಮಾರು ಎರಡು ಲಕ್ಷ ಜನರ ದೇಶದಲ್ಲಿ 5,700ಕ್ಕೂ ಹೆಚ್ಚು ರೋಗಿಗಳು, 83 ಸಾವು, ಬಹುತೇಕ ಎಲ್ಲರೂ ಎಳೆಯ ಮಕ್ಕಳು. ಡಿಸೆಂಬರ್‌ನಲ್ಲಿ ಎರಡು ದಿನ ದೇಶ ಮುಚ್ಚಿ, ಲಸಿಕೆ ಆಗದವರಿರುವ ಮನೆಗಳು ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಬೇಕೆಂದು ಹೇಳಿ, ತಂಡಗಳು ಮನೆಮನೆಗೆ ಹೋದವು.

ದ್ರಾವಣದ ಸೀಸೆಯನ್ನು ಲಸಿಕೆಯ ಜೊತೆಗೇ ಕಟ್ಟಿ ಇಡುವುದು, ಲಸಿಕೆಯ ಫ್ರಿಜ್‌ನಲ್ಲಿ ಬೇರೆ ಯಾವ ಔಷಧವನ್ನೂ ಇಡದಿರುವುದು, ಬೆರೆಸುವ ಮುನ್ನ ಎರಡೂ ಚೀಟಿಗಳನ್ನು ಗಟ್ಟಿಯಾಗಿ ಓದುವುದು. ಪುಸ್ತಕದಲ್ಲಿ ಬೇಸರ ಹುಟ್ಟಿಸುವ ಈ ನಿಯಮಗಳು ಜನರ ನಂಬಿಕೆ ಉಳಿಸುವ ಕೆಲಸವೂ ಹೌದು. ಅನಾಹುತ ಆದಾಗ ಆ ಬ್ಯಾಚನ್ನು ತಕ್ಷಣ ಬದಿಗಿಟ್ಟು, ‘ಏನಾಯಿತೆಂದು ತಿಳಿದಿಲ್ಲ, ಇಂಥ ದಿನದೊಳಗೆ ಹೇಳುತ್ತೇವೆ’ ಎಂದು ಮೊದಲ ದಿನವೇ ಹೇಳಬೇಕು, ಆ ದಿನ ಹೇಳಲೂ ಬೇಕು. ತನಿಖೆಗೆ ಐದು ದಾರಿಗಳಿವೆ: ಲಸಿಕೆಯದೇ ಗುಣ, ತಯಾರಿಕೆಯ ದೋಷ, ಕೊಟ್ಟವರ ತಪ್ಪು, ಸೂಜಿಯ ಭಯದಿಂದಾದ ತಲೆಸುತ್ತು, ಕಾಕತಾಳೀಯ. ಇಡೀ ಕಾರ್ಯಕ್ರಮ ನಿಲ್ಲಿಸುವುದು ಎಚ್ಚರಿಕೆಯಂತೆ ಕಾಣುತ್ತದೆ, ಜನರಿಗೆ ಕೇಳಿಸುವುದು ಮಾತ್ರ ತಪ್ಪೊಪ್ಪಿಗೆಯಾಗಿ.

ಎದುರು ಕೂತಾಗ

ಒಬ್ಬ ತಾಯಿಯ ಜೊತೆ ಮಾತು ಹೇಗೆ ಆರಂಭವಾಗುತ್ತದೆ ಎಂಬುದೇ ಬಹಳ ಮಟ್ಟಿಗೆ ಫಲಿತಾಂಶ ನಿರ್ಧರಿಸುತ್ತದೆ. ಅಮೆರಿಕದಲ್ಲಿ ಮಕ್ಕಳ ವೈದ್ಯರ ಕೊಠಡಿಯ ಸಂಭಾಷಣೆಗಳನ್ನು ಚಿತ್ರೀಕರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ‘ಇವತ್ತು ಈ ಲಸಿಕೆಗಳನ್ನು ಹಾಕಬೇಕು’ ಎಂದು ವೈದ್ಯರು ಸಹಜವಾಗಿ ಆರಂಭಿಸಿದಾಗ ಶೇ. 26ರಷ್ಟು ಪೋಷಕರು ತಡೆದರು. ‘ಲಸಿಕೆ ವಿಷಯ ಏನು ಮಾಡೋಣ?’ ಎಂದು ಕೇಳಿದಾಗ ಶೇ. 83. ತಡೆದ ಮೇಲೂ ವೈದ್ಯರು ಸೋಲೊಪ್ಪದೆ ಶಿಫಾರಸು ಮುಂದುವರಿಸಿದಲ್ಲಿ ಮೊದಲು ಬೇಡವೆಂದವರಲ್ಲಿ ಅರ್ಧದಷ್ಟು ಮಂದಿ ಒಪ್ಪಿಕೊಂಡರು. ಬಾಯಲ್ಲಿ ಬಂದ ಬೇಡ ಎಷ್ಟೋ ಸಲ ‘ಇನ್ನೊಂದು ಮಾತು ಹೇಳಿ’ ಎಂಬುದರ ಇನ್ನೊಂದು ರೂಪ. ಭಯ ಗಟ್ಟಿಯಾಗಿದ್ದರೆ ವಾದ ಬೇಡ. ಏನು ಕೇಳಿದ್ದೀರಿ ಎಂದು ಕೇಳಿ, ಪೂರ್ತಿ ಹೇಳಲು ಬಿಟ್ಟು, ನನಗೆ ತಿಳಿದದ್ದು ಹೇಳಲೇ ಎಂದು ಅನುಮತಿ ಪಡೆದು ಹೇಳುವುದು.

‘ಏನೂ ಆಗಲ್ಲ ಕಣಮ್ಮ’ ಎಂಬುದು ಮಾತ್ರ ಹೇಳಲೇಬಾರದ ಮಾತು. ಡಿಪಿಟಿ ಚುಚ್ಚಿದ ರಾತ್ರಿ ಮಗುವಿಗೆ ಜ್ವರ ಬರುವುದು, ತೊಡೆ ಊದುವುದು ತೀರಾ ಸಾಮಾನ್ಯ. ದಡಾರ ಲಸಿಕೆಯ ಜ್ವರ ಬರುವುದು ಒಂದು ವಾರ ಕಳೆದ ಮೇಲೆ. ಏನೂ ಆಗಲ್ಲವೆಂದು ಕೇಳಿ ಹೋದ ತಾಯಿ ರಾತ್ರಿಯಿಡೀ ಅಳುವ ಮಗುವನ್ನು ಹೊತ್ತು ತಿರುಗಿದ ಮೇಲೆ ಎರಡನೇ ಡೋಸ್‌ಗೆ ಬರುವುದಿಲ್ಲ. ಅವಳು ಲಸಿಕೆ ವಿರೋಧಿಯಲ್ಲ, ಮೋಸಹೋದವಳು. ಹೊರಡುವ ಮುನ್ನ ನಾಲ್ಕು ಮಾತು ಹೇಳಬೇಕು: ಯಾವ ಲಸಿಕೆ ಕೊಟ್ಟೆವು, ಏನಾಗಬಹುದು ಮತ್ತು ಆದರೆ ಏನು ಮಾಡಬೇಕು, ಮುಂದಿನ ದಿನಾಂಕ ಯಾವುದು, ಕಾರ್ಡ್ ಜೋಪಾನ. ಒಂದು ನಿಮಿಷವೂ ಹಿಡಿಯುವುದಿಲ್ಲ. ನೋವು ತಗ್ಗಿಸುವುದೂ ಕಷ್ಟವಲ್ಲ. ಮಗು ತಾಯಿಯ ತೋಳಿನಲ್ಲಿರಲಿ, ಹಾಲು ಕುಡಿಯುತ್ತಿರಲಿ, ಹೆಚ್ಚು ನೋಯುವ ಚುಚ್ಚುಮದ್ದು ಕೊನೆಗಿರಲಿ.

ಕಡ್ಡಾಯ ಮಾಡಿದರೆ ಆಗದೇ ಎಂಬ ಪ್ರಶ್ನೆ ಪ್ರತಿ ಹಾವಳಿಯ ಬೆನ್ನಿಗೂ ಏಳುತ್ತದೆ. ಆಗುತ್ತದೆ, ಒಂದು ಮಿತಿಯಲ್ಲಿ. ಇಟಲಿ 2017ರಲ್ಲಿ ಕಡ್ಡಾಯ ಲಸಿಕೆಗಳನ್ನು 4ರಿಂದ 10ಕ್ಕೆ ಏರಿಸಿದ ಮೇಲೆ ದಡಾರ ಲಸಿಕೆ ಪ್ರಮಾಣ ಶೇ. 87ರಿಂದ ಎರಡೇ ವರ್ಷದಲ್ಲಿ ಶೇ. 93 ದಾಟಿತು. ಕ್ಯಾಲಿಫೋರ್ನಿಯಾ 2015ರ ಕಾನೂನಿನಿಂದ ನಂಬಿಕೆಯ ಹೆಸರಿನ ವಿನಾಯಿತಿಯನ್ನು ರದ್ದು ಮಾಡಿದಾಗಲೂ ಪ್ರಮಾಣ ಏರಿತು. ಜೊತೆಗೆ ವೈದ್ಯಕೀಯ ವಿನಾಯಿತಿ ಚೀಟಿಗಳು ಮೊದಲ ವರ್ಷವೇ ಸುಮಾರು ಮೂರು ಪಟ್ಟಾದವು, ಅದನ್ನು ಬಿಗಿಗೊಳಿಸಲು 2019ರಲ್ಲಿ ಮತ್ತೊಂದು ಕಾನೂನು ಬೇಕಾಯಿತು. ಲಸಿಕೆ ಹಾಕಿಸುವುದಕ್ಕಿಂತ ವಿನಾಯಿತಿ ಅರ್ಜಿ ತುಂಬುವುದು ಸುಲಭವಾದ ಕಡೆ ಎಷ್ಟೋ ಮಂದಿ ಬರಿಯ ಸೋಮಾರಿತನಕ್ಕೆ ಅರ್ಜಿ ತುಂಬುತ್ತಾರೆ. ಕೇಂದ್ರವೇ ದೂರವಿರುವಲ್ಲಿ ಕಡ್ಡಾಯ ಎಂದರೆ ಬಡವರಿಗೆ ಇನ್ನೊಂದು ದಂಡ ಅಷ್ಟೆ.

ಕೊನೆಗೆ, ಅಂಕಿಗಳನ್ನೇ ಎಷ್ಟು ನಂಬಬಹುದು? ಕೊಟ್ಟ ಡೋಸ್‌ಗಳನ್ನು ಅಂದಾಜು ಮಕ್ಕಳ ಸಂಖ್ಯೆಯಿಂದ ಭಾಗಿಸಿ ವರದಿ ಬರೆಯುತ್ತಾರೆ. ಆ ಅಂದಾಜು ಹಳೆಯ ಜನಗಣತಿಯದಾದರೆ ‘ಶೇ. 108’ ಎಂಬ ವಿಚಿತ್ರ ಸಾಧನೆ ಕಾಗದದ ಮೇಲೆ ಕಾಣುತ್ತದೆ, ವಲಸೆ ಬಂದವರ ಮಕ್ಕಳು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಪರಿಶೀಲಿಸುವುದು ಕಷ್ಟವಲ್ಲ. ಕೇಂದ್ರದಿಂದ ಅತಿ ದೂರದ ಓಣಿ, ಕಟ್ಟಡ ಕಾಮಗಾರಿಯ ಶೆಡ್‌ಗಳು, ಹೊಸದಾಗಿ ಎದ್ದ ಬಡಾವಣೆ ಇಂಥ ಕಡೆ ಹೋಗಿ ಸಿಕ್ಕ 20 ಮಕ್ಕಳ ಕಾರ್ಡ್ ನೋಡಬೇಕು. ಗುರಿ ಶೇ. 95 ಆಗಿದ್ದರೆ, ಒಬ್ಬರಿಗಿಂತ ಹೆಚ್ಚು ಮಕ್ಕಳಿಗೆ ತಪ್ಪಿದ್ದರೆ ಆ ಜಾಗಕ್ಕೆ ತಂಡ ಮತ್ತೆ ಹೋಗಬೇಕು. ಹೋಗುವ ಮುನ್ನ, ತಪ್ಪಿದ ಪ್ರತಿ ಮನೆಯಲ್ಲೂ ಯಾಕೆ ತಪ್ಪಿತು ಎಂದು ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಬರಬೇಕು.